ಅತಿಭಾರಾರೋಪಣ: ಹೊಯ್ಸಳ ನಾಡಿನ ಕುದುರೆ ಮತ್ತು ಎಳೆಯ ಸವಾರ

ಅಹಿಂಸಾಣುವ್ರತಕ್ಕೆ ಒದಗುವ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಈ ಐದನ್ನು ಪಾಠಶಾಲೆಗೆ ಹೋದ ಶ್ರಾವಕರ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲರು. ಇವುಗಳಲ್ಲಿ ನಾಲ್ಕನೆಯದನ್ನು ವಿವರಿಸಬೇಕಾದಾಗ ನಮ್ಮ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಬರುವ ಉದಾಹರಣೆ ಎತ್ತಿನ ಗಾಡಿಯದು. ಮೂಟೆಗಳನ್ನು ಮಿತಿಮೀರಿ ಹೇರಬಾರದು ಎಂಬಲ್ಲಿಗೆ ವಿವರಣೆ ಮುಗಿದುಹೋಗುತ್ತದೆ. ಮನುಷ್ಯನ ಮೈಯೇ ಒಂದು ಹೊರೆ, ಅವನ ಅರಿವಿಲ್ಲದ ಕೈಯೂ ಒಂದು ಹೊರೆ ಎಂಬ ವಿಚಾರ ಅಲ್ಲಿ ಸುಳಿಯುವುದಿಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ಇತಿಹಾಸವನ್ನು ಕುದುರೆಯ ಬೆನ್ನಿನ ಮೇಲಿಂದಲ್ಲದೆ ಕುದುರೆಯ ಕಡೆಯಿಂದ ನೋಡಿದರೆ ಈ ಅತಿಚಾರದ ಅರ್ಥ ಎಷ್ಟು ವಿಶಾಲವಾದುದೆಂಬುದು ತಿಳಿದುಬರುತ್ತದೆ.

ಕನ್ನಡ ನಾಡಿನವರೇ ಆದ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅತಿಭಾರವನ್ನು ಒಂದು ತೂಕಕ್ಕೆ ಕಟ್ಟಿಹಾಕಿಲ್ಲ. ನ್ಯಾಯವಾಗಿ ಹೊರಬೇಕಾದುದಕ್ಕಿಂತ ಮಿಗಿಲಾಗಿ ಹೊರಿಸುವುದೇ ಅತಿಭಾರವೆಂಬುದು ಅವರ ವಿವರಣೆಯ ತಾತ್ಪರ್ಯ. ಆದುದರಿಂದ ಹೊರುವ ಜೀವ ಯಾವುದು, ಅದರ ಶಕ್ತಿ ಎಷ್ಟು ಎಂಬುದನ್ನು ಪ್ರತಿಸಲವೂ ವಿಚಾರಿಸಲೇಬೇಕಾಗುತ್ತದೆ. ವಧ ಎಂಬುದಕ್ಕೂ ಇಲ್ಲಿ ಕೊಲ್ಲುವುದೆಂಬ ಅರ್ಥವಿಲ್ಲ. ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದನ್ನೇ ಆಚಾರ್ಯರು ವಧವೆಂದು ಕರೆದಿದ್ದಾರೆ. ಚಾವಟಿಯ ಹೆಸರನ್ನು ಅವರು ಎತ್ತಿರುವಾಗ ಸವಾರಿಯ ವಿಚಾರ ಈ ಸೂತ್ರದ ವ್ಯಾಪ್ತಿಗೆ ಹೊರಗಿನದೆಂದು ಹೇಳುವಂತಿಲ್ಲ.

ಕುದುರೆ ನಮ್ಮ ಪರಂಪರೆಗೆ ಪರಕೀಯವಾದ ಪ್ರಾಣಿಯೂ ಅಲ್ಲ. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಅಶ್ವರತ್ನವೂ ಒಂದು. ಜೈನನಾದ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ಸುಮಾರು 1125ರಲ್ಲಿ ಗೋವೈದ್ಯವನ್ನು ಕನ್ನಡದಲ್ಲಿ ರಚಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಮೂಕಪ್ರಾಣಿಯ ರೋಗವನ್ನು ಶಾಸ್ತ್ರವಿಷಯವಾಗಿ ಕಂಡ ಭಾಷೆ ನಮ್ಮದು.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸವಾರನ ಪ್ರಶಂಸೆಯ ಒಂದು ವಿಲಕ್ಷಣ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮೊಮ್ಮಗನಾದ ನಾಲ್ಕನೆಯ ಇಂದ್ರನು ವಂಶದ ಸಿಂಹಾಸನ ಕೈತಪ್ಪಿದ ಮೇಲೆ 982ರಲ್ಲಿ ಅಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದನು. ವೈರಾಗ್ಯದ ನೆಲೆಯಾದ ಆ ಬೆಟ್ಟದ ಮೇಲೆ ಅವನಿಗಾಗಿ ಕೊರೆಯಿಸಿದ ಬರಹದಲ್ಲಿ ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡನ್ನು ಹೊಡೆಯುವ ಆಟದಲ್ಲಿ ಅವನಿಗಿದ್ದ ನೈಪುಣ್ಯದ ವರ್ಣನೆ ತುಂಬಿಕೊಂಡಿದೆ. ಚೆಂಡು ಕಾಳಿನಷ್ಟು ಕಿರಿದಾದರೇನು, ಕುದುರೆ ಪರ್ವತವನ್ನು ಮೀರಿದ್ದಾದರೇನು, ಅವನು ಹಲವು ಸುತ್ತು ಹಾಕದೆ ಬಿಡುವವನಲ್ಲ ಎಂಬ ಧಾಟಿಯಲ್ಲಿ ಕವಿ ಹೊಗಳಿದ್ದಾನೆ. ಕವಿಯ ಅತಿಶಯೋಕ್ತಿಯನ್ನು ಅತಿಶಯೋಕ್ತಿಯೆಂದೇ ಓದಬೇಕು. ಆದರೂ ಅದು ಒಂದು ಮನೋಭಾವವನ್ನು ತೋರಿಸುತ್ತದೆ: ಕುದುರೆ ಎಷ್ಟು ದೊಡ್ಡದೋ ಸವಾರನ ಕೀರ್ತಿ ಅಷ್ಟು ದೊಡ್ಡದು. ಇಂದ್ರನಂತಹ ನುರಿತ ಸವಾರನಿಗೆ ಈ ಮಾತು ಒಪ್ಪಬಹುದು. ಅದನ್ನೇ ಎಳೆಯ ಮಗುವಿಗೂ ಅನ್ವಯಿಸುವ ರೂಢಿ ನಮ್ಮಲ್ಲಿ ಬೆಳೆದುದು ದುರ್ದೈವ.

ಎಳೆಯ ಸವಾರನೆಂದೊಡನೆ ದೋರಸಮುದ್ರದ ಬಾಲ ದಂಡನಾಯಕನ ನೆನಪಾಗುತ್ತದೆ. ಬೇಲೂರಿನ 1137ರ ಶಾಸನದಲ್ಲಿ ಇಮ್ಮಡಿ ದಂಡನಾಯಕ ಬಿಟ್ಟಿಯಣ್ಣನ, ಅಂದರೆ ವಿಷ್ಣು ದಂಡಾಧಿಪನ, ವೃತ್ತಾಂತ ಬಂದಿದೆ. ಮಹಾರಾಜ ವಿಷ್ಣುವರ್ಧನನು ಅವನನ್ನು ಸ್ವಂತ ಮಗನಂತೆ ಸಾಕಿದನು. ಏಳೆಂಟು ವರ್ಷಗಳಾದಾಗ ತಾನೇ ನಿಂತು ಉಪನಯನ ಮಾಡಿಸಿದನು. ಹತ್ತು ಹನ್ನೊಂದರ ಪ್ರಾಯಕ್ಕೆ ಮಹಾಪ್ರಚಂಡ ದಂಡನಾಯಕ ಪದವಿಯನ್ನಿತ್ತನು. ಮುಂದೆ ಅವನು ಕೊಂಗುನಾಡನ್ನು ಹದಿನೈದೇ ದಿನಗಳಲ್ಲಿ ಗೆದ್ದನೆಂಬ ಪ್ರಶಂಸೆಯಿದೆ. ಶ್ರೀಪಾಲ ತ್ರೈವಿದ್ಯದೇವರ ಶಿಷ್ಯನಾದ ಈ ಧರ್ಮಾತ್ಮನು ದೋರಸಮುದ್ರದಲ್ಲಿ ವಿಷ್ಣುವರ್ಧನ ಜಿನಾಲಯವನ್ನು ಕಟ್ಟಿಸಿದನು. ಅದಕ್ಕೆ ನಾಲ್ಕು ವರ್ಷ ಮೊದಲು, 1133ರಲ್ಲಿ, ಗಂಗರಾಜನ ಮಗ ಬೊಪ್ಪನು ತಂದೆಯ ಸ್ಮರಣಾರ್ಥವಾಗಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇಂದಿಗೂ ಬಸ್ತಿಹಳ್ಳಿಯಲ್ಲಿ ನಿಂತಿದೆ.

ಬಾಲ ದಂಡನಾಯಕನ ಕಥೆಯನ್ನು ನಾವು ಹೆಮ್ಮೆಯಿಂದ ಮಕ್ಕಳಿಗೆ ಹೇಳುತ್ತೇವೆ, ಹೇಳಬೇಕಾದುದೇ. ಆದರೆ ಲೆಕ್ಕವೊಂದನ್ನು ಹಾಕಿ ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಉತ್ತಮ ಕುದುರೆಯ ಅಳತೆ ಕೊಟ್ಟಿದೆ: ಮುಖ 32 ಅಂಗುಲ, ಉದ್ದ ಅದರ ಐದು ಪಾಲು, ಜಂಘೆ 20 ಅಂಗುಲ, ಎತ್ತರ ಜಂಘೆಯ ನಾಲ್ಕು ಪಾಲು, ಎಂದರೆ 80 ಅಂಗುಲ. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ಸರಿಯಾಗಿ ಐದು ಅಡಿ. ಇಂದಿನ ಕುದುರೆಗಾರರು ನಾಲ್ಕು ಇಂಚಿನ 'ಹ್ಯಾಂಡ್' ಎಂಬ ಮಾನದಲ್ಲಿ ನೆಲದಿಂದ ಹೆಗಲ ಉಬ್ಬಿನವರೆಗೆ ಅಳೆಯುತ್ತಾರೆ. ಆ ಮಾನದಲ್ಲಿ ಇದು 15 ಹ್ಯಾಂಡ್. ಹತ್ತು ವರ್ಷದ ಹುಡುಗನ ಎತ್ತರ ನಾಲ್ಕೂವರೆ ಅಡಿಯ ಆಸುಪಾಸು. ಉತ್ತಮಾಶ್ವದ ಪಕ್ಕದಲ್ಲಿ ನಿಂತರೆ ಅದರ ಹೆಗಲು ಹುಡುಗನ ನೆತ್ತಿಗಿಂತ ಅರ್ಧ ಅಡಿ ಮೇಲಿರುತ್ತದೆ. ಅಂತಹ ಬಾಲಕನನ್ನು ಅಂತಹ ಕುದುರೆಯ ಮೇಲೆ ಕೂರಿಸಿದರೆ ತೂಕದಿಂದ ಕುದುರೆಗೆ ಏನೂ ಆಗದು. ಕಷ್ಟ ಬರುವುದು ಬೇರೆ ಕಡೆಯಿಂದ.

ಸವಾರನು ಕುದುರೆಯೊಡನೆ ಮಾತನಾಡುವುದು ಮುಖ್ಯವಾಗಿ ಕಾಲುಗಳಿಂದ. ಪಕ್ಕೆಗಳ ಮೇಲೆ ಮೀನಖಂಡದ ಮೃದುವಾದ ಒತ್ತು ಬಿದ್ದಾಗ ಕಲಿತ ಕುದುರೆ ಮುಂದೆ ನಡೆಯುತ್ತದೆ, ಓರೆಯಾಗುತ್ತದೆ, ತಿರುಗುತ್ತದೆ. ಮಗುವಿನ ಕಾಲು ಜೀನಿನ ಪಕ್ಕದ ಚರ್ಮವನ್ನು ದಾಟಿ ಕೆಳಗಿಳಿಯದಿದ್ದರೆ ಆ ಮಾತು ಕುದುರೆಗೆ ತಲುಪುವುದೇ ಇಲ್ಲ. ಆಗ ಉಳಿಯುವುದು ಕಡಿವಾಣ ಮತ್ತು ಬಾರುಕೋಲು. ಕಡಿವಾಣದ ಕಬ್ಬಿಣ ಕುಳಿತಿರುವುದು ಮುಂದಿನ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ, ಹಲ್ಲಿಲ್ಲದ ಬರಿಯ ವಸಡಿನ ಮೇಲೆ. ಸಮತೋಲ ತಪ್ಪಿದ ಮಗು ಭಯದಿಂದ ಲಗಾಮನ್ನೇ ಹಿಡಿದು ಜೋತುಬಿದ್ದಾಗಲೆಲ್ಲ ಆ ವಸಡಿನ ಮೇಲೆ ಕಬ್ಬಿಣ ಒತ್ತುತ್ತದೆ. ಕುದುರೆ ನೋವಿನಿಂದ ತಲೆಯೆತ್ತುತ್ತದೆ, ಅದನ್ನು ಮೊಂಡುತನವೆಂದು ಬಗೆದು ಪಕ್ಕದಲ್ಲಿದ್ದವರು ಹೊಡೆಯುತ್ತಾರೆ. ಎತ್ತರದ ಕುದುರೆಯ ಮೇಲೆ ಕೂರಿಸಿದ ಒಂದೇ ತಪ್ಪಿನಿಂದ ವಧವೆಂಬ ಅತಿಚಾರವೂ ಹಿಂಬಾಲಿಸಿ ಬರುವುದು ಹೀಗೆ. ಬಿದ್ದ ಮಗುವಿನ ಗತಿ ಪ್ರತ್ಯೇಕ. ಪಾದ ರಿಕಾಬಿನಲ್ಲಿ ಹಿಮ್ಮಡಿಯವರೆಗೆ ಹೊಕ್ಕು ಸಿಕ್ಕಿಕೊಂಡರೆ ಬೆದರಿದ ಕುದುರೆ ಅದನ್ನು ಎಳೆದುಕೊಂಡೇ ಓಡುತ್ತದೆ.

ಇನ್ನು ಮೈಯಳತೆ ಸರಿಯಿದ್ದು ಸ್ವಭಾವ ಹೊಂದದಿರುವ ಸಂದರ್ಭ. ಕೌಟಿಲ್ಯನು ಕುದುರೆಗಳನ್ನು ತೀಕ್ಷ್ಣ, ಭದ್ರ, ಮಂದ ಎಂದು ಸ್ವಭಾವದಿಂದಲೂ ವಿಭಾಗಿಸಿ, ಯುದ್ಧಕ್ಕೆ ಯಾವುದು, ಸಾಮಾನ್ಯ ಸವಾರಿಗೆ ಯಾವುದು ಎಂಬುದನ್ನು ಆ ಸ್ವಭಾವವನ್ನು ನೋಡಿಯೇ ಗೊತ್ತುಮಾಡಬೇಕೆಂದು ವಿಧಿಸಿದ್ದಾನೆ. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಈ ವಿವೇಕಕ್ಕೆ ಇಂದಿನ ಯಾವ ಸವಾರಿ ಶಾಲೆಯೂ ಸೇರಿಸಬೇಕಾದುದು ಹೆಚ್ಚೇನಿಲ್ಲ. ಕಲಿಯುವವನಿಗೆ ಕಲಿತ ಕುದುರೆ, ಕಲಿಯುವ ಕುದುರೆಗೆ ಕಲಿತ ಸವಾರ ಎಂಬುದು ಎಲ್ಲ ದೇಶಗಳ ಕುದುರೆಗಾರರೂ ಒಪ್ಪಿದ ಮಾತು. ಮಗುವಿನೊಡನೆ ಮರಿಯೂ ಬೆಳೆಯಲಿ ಎಂದು ಎಳೆಯ ಕುದುರೆಯನ್ನು ಕೊಂಡುಕೊಡುವ ಶ್ರೀಮಂತರ ಆಸೆ ಕೇಳುವುದಕ್ಕೆ ಹಿತವಾದರೂ ಇಬ್ಬರಿಗೂ ಅಪಾಯಕಾರಿ. ಕುದುರೆಯ ಬೆನ್ನೆಲುಬು ಪೂರ್ಣವಾಗಿ ಬಲಿಯುವುದಕ್ಕೆ ಐದಾರು ವರ್ಷಗಳೇ ಬೇಕು. ನಮ್ಮ ಹಳ್ಳಿಗಳಲ್ಲಿ ಕುದುರೆ ಕೊಳ್ಳುವವರು ಮೊದಲು ನೋಡುತ್ತಿದ್ದುದು ಸುಳಿಯನ್ನು. ಹಣೆಯ ಸುಳಿ, ಎದೆಯ ಸುಳಿಗಳಿಂದ ಯಜಮಾನನ ಭಾಗ್ಯವನ್ನು ಓದಲು ತೋರಿದ ಶ್ರದ್ಧೆಯಲ್ಲಿ ಕಾಲುಪಾಲನ್ನಾದರೂ ಅದರ ಬೆನ್ನು, ಬಾಯಿ, ಗೊರಸುಗಳನ್ನು ನೋಡುವುದಕ್ಕೆ ತೋರಿದ್ದರೆ ಕುದುರೆಯ ಭಾಗ್ಯವೂ ಕೊಂಚ ತೆರೆಯುತ್ತಿತ್ತು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನದಲ್ಲಿ ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿಸುರುಳಿಗಳ ಮೇಲೆ ರಾವುತರ ಸಾಲೊಂದು ಗುಡಿಯನ್ನು ಬಳಸಿ ಸಾಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬಳಿಕ ಅದನ್ನು ನೋಡುವವರ ಸಂಖ್ಯೆಯೂ ಹೆಚ್ಚಿದೆ. ಫ್ರೆಂಚ್ ವಿದ್ವಾಂಸ ಜಾನ್ ದೆಲೋಶ್ ಹೊಯ್ಸಳ ಶಿಲ್ಪಗಳಲ್ಲಿ ಕಾಣುವ ಆಯುಧಗಳನ್ನೂ ಕುದುರೆಯ ಸಜ್ಜನ್ನೂ ಪರಿಶೀಲಿಸಿ 1989ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಜೀನು, ಕಡಿವಾಣ, ಪಟ್ಟಿಗಳನ್ನು ಶಿಲ್ಪಿ ಸೂಕ್ಷ್ಮವಾಗಿ ಬಿಡಿಸಿರುವುದು ನಿಜ. ಆದರೆ ಸವಾರನಿಗೂ ಕುದುರೆಗೂ ಇರಬೇಕಾದ ಪ್ರಮಾಣವನ್ನು ಆ ಸಾಲಿನಿಂದ ಕಲಿಯಲಾಗದು. ಪಟ್ಟಿಕೆಯ ಎತ್ತರ ಕೆಲವೇ ಅಂಗುಲ. ಅದರೊಳಗೆ ಸವಾರನ ತಲೆಯೂ ಕುದುರೆಯ ಗೊರಸೂ ಹಿಡಿಸಬೇಕು. ವೀರನು ದೊಡ್ಡವನಾಗಿ ಕಾಣಬೇಕಾದಲ್ಲಿ ಕುದುರೆ ಕುಗ್ಗಲೇಬೇಕು. ಶಿಲೆಯ ಕುದುರೆಗೆ ಬೆನ್ನು ನೋಯುವುದಿಲ್ಲ.

ಜೀವಂತ ಕುದುರೆ ಎಲ್ಲಿಂದ ಬರುತ್ತಿತ್ತು? ಇಲ್ಲಿ ಅರಸೀಕೆರೆಯ ಪ್ರಸ್ತಾಪ ಬರುತ್ತದೆ. ಇಮ್ಮಡಿ ಬಲ್ಲಾಳನ ಕಾಲಕ್ಕೆ ಅರಸೀಕೆರೆ ವರ್ತಕರ ಸಮೃದ್ಧ ಪಟ್ಟಣವಾಗಿದ್ದಿತು. ವಸುಧೈಕಬಾಂಧವನೆಂಬ ಬಿರುದಿನ ರೇಚರಸನು ಕಲಚುರಿಗಳ ಸೇವೆಯಿಂದ ಹೊಯ್ಸಳರಲ್ಲಿಗೆ ಬಂದು 1220ರಲ್ಲಿ ಇಲ್ಲಿ ಸಹಸ್ರಕೂಟ ಜಿನಾಲಯವನ್ನು ನಿರ್ಮಿಸಿದನು. ಇದೇ ಸೀಮೆಯ ಶಾಸನಗಳಲ್ಲಿ ಕಮ್ಮಟದ ಚಟ್ಟಿಸೆಟ್ಟಿಯೆಂಬ ವರ್ತಕನ ಉಲ್ಲೇಖವಿದೆ. ಅವನು ಕುದುರೆ, ಆನೆ, ಮುತ್ತುಗಳನ್ನು ಹಡಗುಗಳಲ್ಲಿ ಸಮುದ್ರಮಾರ್ಗವಾಗಿ ತರಿಸಿ ಅರಸರಿಗೆ ಮಾರುತ್ತಿದ್ದನು. ಅರಬ್ಬೀ ನಾಡಿನಿಂದ ಪಡುಗಡಲ ಬಂದರಿಗೆ ಇಳಿದು, ಘಟ್ಟವನ್ನೇರಿ, ಒಳನಾಡಿಗೆ ಬಂದ ಆ ಕುದುರೆಗಳ ಪಾಡನ್ನು ಶಾಸನದಿಂದ ತಿಳಿಯಬೇಕಾಗಿಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತವನ್ನು ನೋಡಿದ ವೆನಿಸ್ಸಿನ ಮಾರ್ಕೊ ಪೋಲೊ ತಮಿಳು ಕರಾವಳಿಯ ಅರಸರನ್ನು ಕುರಿತು ಬರೆದಿದ್ದಾನೆ: ಒಬ್ಬೊಬ್ಬ ಅರಸ ವರ್ಷಕ್ಕೆ ಎರಡು ಸಾವಿರ ಕುದುರೆಗಳನ್ನು ಕೊಂಡರೂ ಆರೈಕೆ ತಿಳಿಯದ ಕಾರಣ ವರ್ಷಾಂತ್ಯಕ್ಕೆ ನೂರೂ ಉಳಿಯುತ್ತಿರಲಿಲ್ಲವಂತೆ, ಲಾಳ ಕಟ್ಟುವವರಿರಲಿಲ್ಲ, ಬೇಯಿಸಿದ ಅನ್ನ ಮಾಂಸಗಳನ್ನು ತಿನ್ನಿಸುತ್ತಿದ್ದರಂತೆ. ಪ್ರವಾಸಿಯ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಇದ್ದೀತು. ಸೊಪ್ಪು ಹುಲ್ಲು ತಿನ್ನುವ ಪ್ರಾಣಿಗೆ ಮಾಂಸವನ್ನು ತಿನ್ನಿಸಿದುದನ್ನು ಓದಿದಾಗ ಅನ್ನಪಾನನಿರೋಧಕ್ಕಿಂತಲೂ ಘೋರವಾದ ಅನ್ನಪಾನ ಇರಬಹುದೆಂದು ತೋರುತ್ತದೆ.

ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಾಣಿಗಳಿಗೆ ಕ್ಲೇಶವನ್ನುಂಟುಮಾಡುವ ಉದ್ಯೋಗಗಳನ್ನು ಬೋಧಿಸುವುದನ್ನೇ ಪಾಪೋಪದೇಶವೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅಂದರೆ ಹೊಯ್ಸಳ ನಾಡಿನ ಬಸದಿಗಳಲ್ಲಿ ಈ ಶ್ರಾವಕಾಚಾರ ಉಪದೇಶವಾಗುತ್ತಿದ್ದಾಗಲೇ ಅದೇ ನಾಡಿನ ಪೇಟೆಗಳಲ್ಲಿ ಸಾಗರದಾಚೆಯ ಕುದುರೆಗಳಿಗೆ ಬೆಲೆ ಕಟ್ಟಲಾಗುತ್ತಿದ್ದಿತು. ರಾಜ್ಯಕ್ಕೆ ಕುದುರೆ ಬೇಕಾಗಿದ್ದಿತು, ದಂಡನಾಯಕರಲ್ಲಿ ಹಲವರು ಜೈನರಾಗಿದ್ದರು. ಗೃಹಸ್ಥನ ಅಣುವ್ರತಕ್ಕೂ ರಾಜಸೇವೆಗೂ ಇದ್ದ ಈ ಸೆಣಸಾಟವನ್ನು ಮರೆಮಾಚಿ ಬರೆಯುವ ಇತಿಹಾಸ ನಮ್ಮ ಪೂರ್ವಿಕರಿಗೆ ಗೌರವ ತರುವುದಿಲ್ಲ. ಹೊಯ್ಸಳರ ಆಡಳಿತದಲ್ಲಿ ಕುದುರೆಲಾಯಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ಸಾಹಣಿಯೆಂಬ ಹೆಸರಿದ್ದಿತು. ಯಾವ ರಾವುತನಿಗೆ ಯಾವ ಕುದುರೆ ಎಂಬುದನ್ನು ತೂಗಿನೋಡಬಲ್ಲ ಕಣ್ಣು ಲಾಯದಲ್ಲಿಯೇ ಬದುಕಿದ ಇಂತಹವರಿಗೆ ಇರುತ್ತದೆ.

ಇಂದಿನ ವಿಜ್ಞಾನ ಈ ತೂಕವನ್ನು ಅಂಕಿಗಳಲ್ಲಿ ಹೇಳುತ್ತದೆ. 2008ರಲ್ಲಿ ಅಮೆರಿಕದ ಒಹಾಯೊದಲ್ಲಿ ಎಂಟು ಕುದುರೆಗಳ ಮೇಲೆ ಅವುಗಳ ಮೈತೂಕದ ನೂರಕ್ಕೆ 15, 20, 25, 30ರಷ್ಟು ಭಾರವನ್ನು ಹೊರಿಸಿ ಪರೀಕ್ಷಿಸಲಾಯಿತು. 25 ಮತ್ತು 30ರ ಮಟ್ಟದಲ್ಲಿ ಹೃದಯದ ಬಡಿತ ಏರಿತು, ಬೆನ್ನಿನ ಸ್ನಾಯುಗಳ ನೋವು ಬಿಗಿತಗಳು ಹೆಚ್ಚಿದವು. ಆದುದರಿಂದ ಸವಾರ, ಜೀನು, ಸಜ್ಜು ಎಲ್ಲವೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಮಿತಿ. 200 ಕಿಲೋ ತೂಗುವ ಟಟ್ಟುವಿಗೆ ಇದು 40 ಕಿಲೋ. ಎಂಟು ವರ್ಷದ 25 ಕಿಲೋ ತೂಕದ ಮಗು ಜೀನಿನ ಸಮೇತ ಅದರ ಮೇಲೆ ನಿಶ್ಚಿಂತೆಯಿಂದ ಕೂರಬಹುದು. ಜರತಾರಿಯುಟ್ಟ 70 ಕಿಲೋದ ಮದುವಣಿಗನೂ ಅವನ ಮುಂದೆ ತಮ್ಮನ ಮಗನೂ ಕೂರುವಂತಿಲ್ಲ. ಎಳೆಯರಿಗೆ ದೊಡ್ಡ ಕುದುರೆ, ದೊಡ್ಡವರಿಗೆ ಸಣ್ಣ ಟಟ್ಟು ಎಂಬ ವಿಪರೀತ ನಮ್ಮ ಮೆರವಣಿಗೆಗಳಲ್ಲಿ ಒಟ್ಟೊಟ್ಟಿಗೇ ಕಾಣಸಿಗುತ್ತದೆ.

ಭಾರತದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮು ಪ್ರಾಣಿಯನ್ನು ಹೊಡೆಯುವುದರ ಜೊತೆಗೆ ಮಿತಿಮೀರಿ ಸವಾರಿ ಮಾಡುವುದನ್ನೂ ಮಿತಿಮೀರಿ ಹೊರೆ ಹೊರಿಸುವುದನ್ನೂ ಅಪರಾಧವೆಂದು ಹೆಸರಿಸಿದೆ. 1965ರ ನಿಯಮಗಳು ಹೊರೆ ಹೊರುವ ಟಟ್ಟುವಿಗೆ 70 ಕಿಲೋ, ಹೇಸರಗತ್ತೆಗೆ 200 ಕಿಲೋ, ಕತ್ತೆಗೆ 50 ಕಿಲೋ ಎಂದು ಮಿತಿ ಹಾಕಿವೆ. ಆದರೆ ಅಲುಗದ ಮೂಟೆಯ ಲೆಕ್ಕ ಬೇರೆ, ಪ್ರತಿ ಹೆಜ್ಜೆಗೂ ಪುಟಿದು ಬೀಳುವ ಕಲಿಯದ ಸವಾರನ ಲೆಕ್ಕ ಬೇರೆ. ಒಂದೇ ತೂಕದ ಇಬ್ಬರಲ್ಲಿ ಕಲಿಯದವನೇ ಕುದುರೆಗೆ ಭಾರ. ಟಟ್ಟುಗಳೆಲ್ಲವೂ ಒಂದೇ ಗಾತ್ರದವೂ ಅಲ್ಲ. ಕಾನೂನಿನ ಗೆರೆಯನ್ನು ದಾಟದಿದ್ದವನು ದಂಡದಿಂದ ಪಾರಾಗುತ್ತಾನೆ. ಪೂಜ್ಯಪಾದರು ಹೇಳಿದ ನ್ಯಾಯದ ಗೆರೆ ಅದಕ್ಕಿಂತ ಎಷ್ಟೋ ಒಳಗಿದೆ.

ನಮ್ಮ ಟ್ರಸ್ಟುಗಳ ಸಂಚಾಲಕರು ಇಲ್ಲಿ ಕೊಂಚ ಯೋಚಿಸಬೇಕು. ಪಂಚಕಲ್ಯಾಣ, ರಥೋತ್ಸವಗಳ ಮುಂಭಾಗದಲ್ಲಿ ಧರ್ಮಧ್ವಜ ಹಿಡಿದ ಬಾಲಕರನ್ನು ಕುದುರೆಯ ಮೇಲೆ ಕೂರಿಸುವ ಪದ್ಧತಿ ಹಲವೆಡೆಗಳಲ್ಲಿದೆ. ಕುದುರೆಗಳನ್ನು ಬಾಡಿಗೆಗೆ ಗೊತ್ತುಮಾಡುವಾಗ ಎಷ್ಟು ಕುದುರೆ, ಎಷ್ಟು ಹಣ ಎಂಬೆರಡೇ ಪ್ರಶ್ನೆ. ಪಂದ್ಯದಿಂದ ನಿವೃತ್ತವಾದ 16 ಹ್ಯಾಂಡಿನ ಕುದುರೆಯೂ ಬರಬಹುದು, ಸೊರಗಿದ ಟಟ್ಟೂ ಬರಬಹುದು. ಓಟಕ್ಕೆಂದೇ ಬೆಳೆಸಿದ ಕುದುರೆಯ ಕಿವಿಯ ಬಳಿ ಬ್ಯಾಂಡು, ಡೊಳ್ಳು, ಪಟಾಕಿಗಳ ಸದ್ದು ಬಿದ್ದರೆ ಮೇಲೆ ಕುಳಿತ ಮಗುವಿನ ಕೈಯಲ್ಲಿ ಧ್ವಜವಿದೆ; ಲಗಾಮು ಹಿಡಿಯಲು ಅದಕ್ಕೆ ಇರುವುದು ಒಂದೇ ಕೈ. ಇದರ ಮೇಲೆ ಸವಾಲು. ಹೆಚ್ಚು ಸವಾಲು ಕೂಗಿದ ಮನೆತನದ ಮಗುವಿಗೆ ಎಲ್ಲಕ್ಕಿಂತ ಎತ್ತರದ ಕುದುರೆ ಸಲ್ಲಬೇಕೆಂಬ ನಿರೀಕ್ಷೆ ಸಹಜವಾಗಿ ಹುಟ್ಟುತ್ತದೆ. ದಾನದ ಮೊತ್ತದಿಂದ ಕುದುರೆಯ ಎತ್ತರವನ್ನು ನಿರ್ಧರಿಸುವ ಪದ್ಧತಿಗೆ ಯಾವ ಶ್ರಾವಕಾಚಾರದಲ್ಲಿಯೂ ಆಧಾರವಿಲ್ಲ, ಯಾವ ಅಶ್ವಶಾಸ್ತ್ರದಲ್ಲಿಯೂ ಇಲ್ಲ.

ಕುದುರೆಯೇ ಬೇಡ, ಮಕ್ಕಳು ಧ್ವಜ ಹಿಡಿದು ನಡೆದೇ ಬರಲಿ ಎನ್ನುವವರೂ ನಮ್ಮಲ್ಲಿದ್ದಾರೆ. ಅವರ ವಾದವೇ ಹೆಚ್ಚು ಬಲವಾದುದೆಂದು ನಮಗೂ ತೋರುತ್ತದೆ. ಸಿಕ್ಕ ಕುದುರೆಯನ್ನೇ ಏರಿ ತೋರಿಸುವುದು ಧೀರನ ಲಕ್ಷಣವೆಂಬ ಮಾತು ನಾಡಿನಲ್ಲಿ ಜನಜನಿತವಾಗಿದೆ. ಅಲ್ಲಮಪ್ರಭುವಿನಿಂದ ಬಂದ ಆ ಭಾವ ಅಧ್ಯಾತ್ಮಕ್ಕೆ ಸಂಬಂಧಿಸಿದ್ದು, ಬಾಡಿಗೆಯ ಕುದುರೆಗೂ ಎಂಟು ವರ್ಷದ ಮಗುವಿಗೂ ಅದನ್ನು ಎಳೆದು ತರಬಾರದು. ರೂಢಿಯನ್ನು ಒಮ್ಮೆಗೇ ಬಿಡಲಾಗದ ಊರುಗಳಲ್ಲಿ ಧ್ವಜ ಹಿಡಿಯುವ ಗೌರವಕ್ಕೆ ಸವಾಲು ನಡೆಯಲಿ, ಕುದುರೆಯ ಆಯ್ಕೆಯನ್ನು ಮಾತ್ರ ಕುದುರೆ ಬಲ್ಲವನಿಗೆ ಬಿಡಲಿ. ಉತ್ಸವದ ಹಿಂದಿನ ದಿನವೇ ಕುದುರೆಗಳನ್ನು ತರಿಸಿ, ವಾದ್ಯದ ಸದ್ದಿಗೆ ಅವು ಹೇಗಿರುತ್ತವೆಂಬುದನ್ನು ನೋಡಬೇಕು. ಮಗುವನ್ನು ಕೂರಿಸಿದಾಗ ಪಾದ ಕುದುರೆಯ ಹೊಟ್ಟೆಯ ಅರ್ಧಕ್ಕಾದರೂ ಇಳಿಯಬೇಕು, ರಿಕಾಬಿನಲ್ಲಿ ಪಾದದ ಮುಂಭಾಗ ಮಾತ್ರ ಇರಬೇಕು, ಹಿಮ್ಮಡಿ ಜಾರಿ ಹೋಗುವಷ್ಟು ಅದು ಅಗಲವಾಗಿರಬಾರದು. ಕುದುರೆಯ ಒಡೆಯನು ಲಗಾಮು ಹಿಡಿದು ಮುಂದೆಯೇ ನಡೆಯಬೇಕು. ಅಲಂಕಾರದ ಮಕಮಲ್ಲನ್ನು ಹೊದಿಸುವುದಕ್ಕೆ ಮೊದಲು ಜೀನನ್ನು ಇಳಿಸಿ, ಹೆಗಲ ಉಬ್ಬಿನಿಂದ ಸೊಂಟದವರೆಗೆ ಅಂಗೈಯಿಂದ ಒತ್ತಿ ನೋಡಿದರೆ ಹುಣ್ಣಿದ್ದ ಕಡೆ ಕುದುರೆ ಬೆನ್ನು ತಗ್ಗಿಸುತ್ತದೆ. ಹಾಗೆ ತಗ್ಗಿಸಿದ ಕುದುರೆಯನ್ನು ಬಾಡಿಗೆ ಪೂರ್ತಿ ಕೊಟ್ಟು, ಹುರುಳಿ ತಿನ್ನಿಸಿ, ನೀರು ಕುಡಿಸಿ, ಹಿಂದಕ್ಕೆ ಕಳುಹಿಸುವುದಕ್ಕೆ ಟ್ರಸ್ಟಿನ ಲೆಕ್ಕಪುಸ್ತಕದಲ್ಲಿ ಒಂದು ಬಾಬ್ತನ್ನು ತೆರೆಯಬಹುದು.